ಫಿಯೆಟ್ ಕೆಟ್ಟಿತೇ, ಕಾಲ ಬದಲಾಯಿತೇ?

ನಾನು ಮುಂಬಯಿಗೆ ಬಂದ ಹೊಸದರಲ್ಲಿ, ಅಂದರೆ ತೊಂಬತ್ತರ ದಶಕದಲ್ಲಿ, ಇಲ್ಲಿ ಟ್ಯಾಕ್ಸಿ ಅಂದರೆ ಕರಿ-ಹಳದಿ ಪ್ರೀಮಿಯರ್ ಪದ್ಮಿನಿ. ಜನರ ಬಾಯಲ್ಲಿ ಮಾತ್ರ ಅದು ಫಿಯೆಟ್ಟೇ. ಅಷ್ಟು ನಂಬಿಕೆಯ ಕಾರು ಕೊನೆಕೊನೆಗೆ ಯಾರಿಗೂ ಬೇಡವಾಯಿತಲ್ಲ, ಗುಣಮಟ್ಟ ಇಳಿಯಿತೇ?

ಸ್ವಲ್ಪ ಹಿಂದಕ್ಕೆ ಹೋಗೋಣ. ವಾಲಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ ಕಾರುಗಳನ್ನು ತಯಾರಿಸುತ್ತಿತ್ತು. 1964ರ ಫಿಯೆಟ್ 1100 ಡಿಲೈಟ್ ಎಪ್ಪತ್ತರ ದಶಕದಲ್ಲಿ ಪದ್ಮಿನಿಯಾಯಿತು. ಹೆಸರು ಬದಲಾಯಿತು, ಕಾರು ಬಹುಮಟ್ಟಿಗೆ ಅದೇ. ಲೈಸೆನ್ಸ್ ರಾಜ್ ಕಾಲ ನೋಡಿ, ಗಿರಾಕಿಗಳು ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಕ್ಯೂ ಅಷ್ಟುದ್ದ ಇರುವಾಗ ಸುಧಾರಣೆಯ ಅವಸರ ಯಾರಿಗೆ?

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆಗ ಅಳತೆಗೋಲೇ ಬದಲಾಯಿತು. ಅಲ್ಲಿಯವರೆಗೆ ಒಳ್ಳೆಯ ಕಾರು ಅಂದರೆ ಕೆಟ್ಟರೂ ಫುಟ್‌ಪಾತಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿಮಾಡಬಹುದಾದ ಕಾರು. ಆಮೇಲೆ, ಕೆಡದೇ ಇರುವ ಕಾರು! ಪದ್ಮಿನಿ ಕೆಳಗಿಳಿಯಲಿಲ್ಲ, ನಿಂತಲ್ಲೇ ನಿಂತಿತು. ಸುತ್ತಲಿನವರು ಮುಂದೆ ಹೋದರು.

2000ದ ಸುಮಾರಿಗೆ ಉತ್ಪಾದನೆ ನಿಂತಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯಸ್ಸು ಎಂಬ ನಿಯಮದಂತೆ 2023ರ ಅಕ್ಟೋಬರಿನಲ್ಲಿ ಅದೂ ಬೀದಿಯಿಂದ ಮರೆಯಾಯಿತು.

ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಒಳ್ಳೆಯ ಹೆಸರೂ ಒಂದು ಠೇವಣಿ. ಹೊಸದಾಗಿ ಏನೂ ಕಟ್ಟದೆ ಬಡ್ಡಿ ತಿನ್ನುತ್ತಾ ಕೂತರೆ ಅಸಲು ಹಾಗೇ ಇರುತ್ತದೆ, ಬೆಲೆ ಮಾತ್ರ ಕರಗಿರುತ್ತದೆ. ಏನಂತೀರಿ?