ಪ್ಲೇಗಿನ ಕಾಯ್ದೆ, ಕೊರೊನಾಕ್ಕೂ ಅದೇ ಕಾಯ್ದೆ

ಹೋದ ಸಲ ಸಂಡಿಗಿ ಬಗ್ಗೆ ಬರೆದಿದ್ದೆ, ಈ ಸಲ ಸ್ವಲ್ಪ ಇತಿಹಾಸ. 2020ರ ಮಾರ್ಚ್‌ನಾಗ ಕೊರೊನಾ ಬಂದಾಗ ನಮ್ಮ ಸರಕಾರಗಳು ಕೈಗೆ ತಗೊಂಡ ಕಾಯ್ದೆ ಯಾವ ವರ್ಷದ್ದು ಗೊತ್ತದ ಏನು? 1897ರದು! ಬ್ರಿಟಿಷರು ಪ್ಲೇಗಿನ ಸಲುವಾಗಿ ಮಾಡಿದ್ದು.

1896ರಾಗ ಮುಂಬೈದ ಮಾಂಡವಿಯೊಳಗ ಪ್ಲೇಗು ಕಾಣಿಸ್ಕೊಂಡಿತು. ಅಕಾಸಿಯೊ ವಿಯೇಗಾಸ್ ಅನ್ನೋ ಡಾಕ್ಟರು ಇದು ಪ್ಲೇಗು ಅಂತ ಗುರುತಿಸಿದ್ರು. ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ರು, ರೋಗನೂ ರೈಲು ಹತ್ತಿತು. ಆಗ ಬಂದದ್ದೇ ಸಾಂಕ್ರಾಮಿಕ ರೋಗಗಳ ಕಾಯ್ದೆ. ನಾಲ್ಕೇ ನಾಲ್ಕು ಕಲಮು. ಸರಕಾರಕ್ಕ ಬೇಕೆನಿಸಿದ ಕ್ರಮ ತಗೊಳ್ಳಬಹುದು, ಕೇಳದವರಿಗೆ ಶಿಕ್ಷೆ, ಅಧಿಕಾರಿಗಳ ಮ್ಯಾಲೆ ದಾವೆ ಹಾಕೋಹಂಗಿಲ್ಲ. ರೋಗಿಗೆ ಏನು ಸಿಗಬೇಕು ಅನ್ನೋದು ಅದರಾಗ ಒಂದು ಸಾಲೂ ಇಲ್ಲ.

ಪುಣೆದಾಗ ಇದು ಹೆಂಗ ನಡೀತು ಅಂದ್ರ, ರ‍್ಯಾಂಡ್ ಅನ್ನೋ ಅಧಿಕಾರಿಯ ಕೈಕೆಳಗ ಸಿಪಾಯಿಗಳು ಮನಿಮನಿ ಹೊಕ್ಕರು. ದೇವರಮನಿ, ಅಡಗಿಮನಿ ನೋಡಲಿಲ್ಲ. ಗಂಟು ಕಂಡವರನ್ನ ಆಸ್ಪತ್ರಿಗೆ, ಮನ್ಯಾಗಿನ ಉಳಿದವರನ್ನ ಕ್ಯಾಂಪಿಗೆ ಒಯ್ದರು. ರೈಲ್ವೆ ಸ್ಟೇಶನ್ನಿನಾಗ ಕಂಕುಳ ಮುಟ್ಟಿ ನೋಡೋರು. ಪರಪುರುಷನ ಮುಂದ ಸೆರಗು ಸರಿಸದ ಆ ಕಾಲದ ಹೆಣ್ಣುಮಕ್ಕಳಿಗೆ ಹೆಂಗಾಗಿರಬೇಕು, ನೀವೇ ವಿಚಾರ ಮಾಡ್ರಿ. ಆಸ್ಪತ್ರಿಗೆ ಹೋದವರು ಹೆಣ ಆಗೇ ಬರ್ತಾರ ಅಂತ ಜನ ಅಂಜಿ, ರೋಗಿಗಳನ್ನೇ ಬಚ್ಚಿಡಲಿಕ್ಕೆ ಶುರು ಮಾಡಿದ್ರು. ರೋಗ ತಡೀಲಿಕ್ಕೆ ಬಂದ ಕಾಯ್ದೆ ರೋಗ ಮುಚ್ಚಿಡೋದನ್ನ ಕಲಿಸಿತು! 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್‌ಗೆ ಗುಂಡು ಹಾಕಿದ್ರು. ಆ ಕಥಿ ಸಾಲಿ ಪುಸ್ತಕದಾಗ ಓದೀವಿ.

ಅದೇ ಪುಣೆದಾಗ, ಅದೇ ವರ್ಷ ಇನ್ನೊಂದು ನಡೀತು. ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಮಗ ಡಾಕ್ಟರ್ ಯಶವಂತ ಊರ ಹೊರಗ ದವಾಖಾನಿ ತೆಗೆದ್ರು. ಆ ತಾಯಿ ಪ್ಲೇಗು ತಗುಲಿದ ಹುಡುಗನ್ನ ಸ್ವಂತ ಬೆನ್ನಿನ ಮ್ಯಾಲೆ ಹೊತ್ತು ತಂದ್ರು ಅಂತ ಹೇಳ್ತಾರ. ಅದೇ ರೋಗ ತಗುಲಿ ಮಾರ್ಚ್ 10ಕ್ಕ ತೀರಿಕೊಂಡ್ರು. ಸಿಪಾಯಿ ಬಂದ್ರ ಕದ ಹಾಕಿದ ಜನ ಅವರಿಗೆ ಕದ ತೆಗೆದಿದ್ರು ಅನ್ನೋದು ನನಗ ದೊಡ್ಡ ಮಾತು.

ನಮ್ಮ ಹುಬ್ಬಳ್ಳಿಗೂ 1898ರಾಗ ಪ್ಲೇಗು ಜೋರಾಗೇ ಬಂತು. ಅಷ್ಟರಾಗ ಮುಂಬೈದಾಗ ಹಾಫ್ಕಿನ್ ಅನ್ನೋ ವಿಜ್ಞಾನಿ ಲಸಿಕಿ ತಯಾರ ಮಾಡಿದ್ದ. 1897ರ ಜನವರಿಯಾಗ ಮೊದಲು ತನಗೇ ಚುಚ್ಚಿಕೊಂಡು ನೋಡಿದ್ದ! ಹುಬ್ಬಳ್ಳಿಯೊಳಗ ಸಾವಿರಾರು ಜನ ಅದನ್ನ ಹಾಕಿಸ್ಕೊಂಡ್ರು. ಸರಕಾರನೂ ಹೊತ್ತು ಹೋದಂಗ ಬಲವಂತ ಸಡಿಲ ಮಾಡಿತು. ಆದ್ರ ನಂಬಿಗಿ ಅನ್ನೋದು ಹಾಲಿದ್ದಂಗ, ಒಡೀಲಿಕ್ಕೆ ಒಂದು ಹನಿ ಹುಳಿ ಸಾಕು. 1902ರಾಗ ಪಂಜಾಬಿನ ಮುಲ್ಕೋವಾಲ್ ಊರಾಗ ಒಂದೇ ಬಾಟಲಿಯ ಲಸಿಕಿಯಿಂದ 19 ಜನ ಧನುರ್ವಾಯು ಆಗಿ ಸತ್ತರು. ತಪ್ಪು ಹಾಫ್ಕಿನ್‌ದಲ್ಲ ಅಂತ ಆಮ್ಯಾಲೆ ತಿಳೀತು, ಆದ್ರ ಅಷ್ಟರಾಗ ಅಂಜಿಕಿ ಹಬ್ಬಿತ್ತು.

ನಮ್ಮ ಅತ್ತಿಯವರು ಹೇಳತಿದ್ರು, ಮನ್ಯಾಗ ಇಲಿ ಸತ್ತು ಬಿದ್ರ ಹಿರಿಯರು ಬುಟ್ಟಿ-ಬೋಗುಣಿ ತಗೊಂಡು ಹೊಲಕ್ಕ ಹೋಗಿ ಗುಡಸಲಾ ಹಾಕ್ಕೋತಿದ್ರಂತ. ಇಲಿ ಮೈಮ್ಯಾಲಿನ ಚಿಗಟದಿಂದ ಪ್ಲೇಗು ಬರ್ತದ ಅಂತ ಸಿಮಂಡ್ ಅನ್ನೋ ಫ್ರೆಂಚ್ ಡಾಕ್ಟರು ಕಂಡುಹಿಡಿದದ್ದು 1898ಕ್ಕ. ಅಂದ್ರ ಕಾಯ್ದೆ ಬರೆಯುವಾಗ ಬರೆದವರಿಗೇ ರೋಗ ಹೆಂಗ ಹಬ್ಬತದ ಅನ್ನೋದು ಪೂರ್ತಿ ತಿಳಿದಿರಲಿಲ್ಲ.

ಈಗ ಕೊರೊನಾಕ್ಕ ಬರ್ರಿ. ಅದೇ ಹಳೇ ಕಾಯ್ದೆ, ಮಾರ್ಚ್ 24ರ ರಾತ್ರಿ ಲಾಕ್‌ಡೌನ್. ಕೂಲಿ ಮಾಡೋರು ಮಕ್ಕಳನ್ನ ಎತ್ತಿಕೊಂಡು ನೂರಾರು ಮೈಲಿ ನಡೆದದ್ದು ಟೀವಿಯೊಳಗ ನೋಡಿ ಅತ್ತೀವಿ. ಏಪ್ರಿಲ್‌ನಾಗ ಕಾಯ್ದೆಗೆ ಒಂದು ಹೊಸ ಮಾತು ಸೇರಿತು: ಆರೋಗ್ಯ ಸಿಬ್ಬಂದಿ ಮ್ಯಾಲೆ ಕೈ ಮಾಡಿದ್ರ ಜೈಲು. ಬೇಕಾದದ್ದೇ. ಆದ್ರ ನಮ್ಮ ಬಾಗಿಲಿಗೆ ಬಂದು "ಅಕ್ಕಾರ, ಜ್ವರ ಅದ ಏನು?" ಅಂತ ಕೇಳಿದಾಕಿ ಯಾರು? ಆಶಾ ಕಾರ್ಯಕರ್ತೆ. ನಮ್ಮ ಮನಿ ಬಾಣಂತಿ ಯಾರು, ಸಕ್ಕರಿ ಕಾಯಿಲೆ ಯಾರಿಗದ ಅನ್ನೋದು ಆಕಿಗೆ ಗೊತ್ತು. 2005ರಿಂದ ಕಟ್ಟಿದ ಆ ಪರಿಚಯ ಕಷ್ಟದಾಗ ಕೆಲಸಕ್ಕ ಬಂತು. ಲಸಿಕಿ ಬಂದಾಗನೂ ಬ್ಯಾಡ ಅಂದವರನ್ನ ಒಪ್ಪಿಸಿದಾಕಿ ಆಕೀನೇ.

ಅಂಥಾಕಿನೇ 2020ರ ಜುಲೈದಾಗ ತಿಂಗಳಿಗೆ 12 ಸಾವಿರ ಗೌರವಧನ ಕೊಡ್ರಿ ಅಂತ ಕರ್ನಾಟಕದಾಗ ಮುಷ್ಕರ ಹೂಡಬೇಕಾತು. 2022ರಾಗ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಛಂದ, ಆದ್ರ ಒಲಿ ಉರೀಲಿಕ್ಕೆ ಪ್ರಶಸ್ತಿ ಸಾಲಂಗಿಲ್ಲ.

ಕಾಯ್ದೆ ಬ್ಯಾಡ ಅನ್ನಂಗಿಲ್ಲ ನಾನು. ಆದ್ರ ಕಾಯ್ದೆ ಹೊಸ್ತಿಲ ತನಕಾ ಅಷ್ಟೇ ಬರ್ತದ. ಒಳಗ ಬರೋದು ಗುರುತಿನವರು. ಅವರನ್ನ ಸರಕಾರ ರೋಗ ಇಲ್ಲದಾಗನೂ ಚಲೋ ನೋಡಿಕೋಬೇಕು, ಇಲ್ಲಾಂದ್ರ ಮುಂದಿನ ಬ್ಯಾನಿ ಬಂದಾಗ ಯಾರನ್ನ ಕಳಸ್ತೀರಿ?

ನಿಮ್ಮ ಮನ್ಯಾಗ ಹಿರಿಯರು ಪ್ಲೇಗಿನ ಕಾಲದ ಸುದ್ದಿ ಹೇಳಿದ್ದು ನೆನಪಿದ್ರ ನನಗ ತಿಳಸ್ರಿ, ಅದನ್ನೂ ಬರೆದಿಡೋಣು.