ಡಿಎನ್‌ಎಸ್ ಮನೆಗೆ ಬಂದಾಗ

ವೈಫೈ ಗುರುತು ಪೂರ್ತಿ ತುಂಬಿರುತ್ತದೆ. ಮೊದಲೇ ಶುರುವಾಗಿದ್ದ ವಿಡಿಯೊ ಕರೆ ಕಡಿಯದೆ ನಡೆಯುತ್ತಿರುತ್ತದೆ. ಆದರೆ ಹೊಸದಾಗಿ ಯಾವ ವೆಬ್‌ಸೈಟ್ ತೆರೆಯಹೋದರೂ ಸರ್ವರ್ ಸಿಗುತ್ತಿಲ್ಲ ಎಂಬ ಉತ್ತರ ಬರುತ್ತದೆ. ಮನೆಯ ಇಂಟರ್‌ನೆಟ್ ಹೀಗೆ ಅರ್ಧಂಬರ್ಧ ಕೈಕೊಟ್ಟಾಗ ಬಹಳ ಸಲ ಲೈನ್ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ. ರೌಟರ್ ಆಫ್ ಮಾಡಿ ಆನ್ ಮಾಡಿ ಇದನ್ನು ಮರೆತುಬಿಡುವುದು ವಾಡಿಕೆ. ಆದರೆ ಈ ತೊಂದರೆ ಇಷ್ಟು ಗೋಜಲಾಗಿರುವುದಕ್ಕೆ ಕಾರಣ ಅದರ ಚರಿತ್ರೆಯಲ್ಲಿದೆ ಎಂಬುದು ನನ್ನ ವಾದ. ಪ್ರತಿ ಜಾಲಕ್ಕೂ ಹೊಣೆ ಹೊತ್ತವರೊಬ್ಬರು ಇದ್ದೇ ಇರುತ್ತಾರೆ ಎಂದು ನಂಬಿ ಕಟ್ಟಿದ ವ್ಯವಸ್ಥೆಯನ್ನು, ಅಂಥವರು ಯಾರೂ ಇಲ್ಲದ ಮನೆಗಳಿಗೆ ತಂದು ಕೂರಿಸಿದ್ದೇವೆ.

ಆರಂಭದಲ್ಲಿ ಹೊಣೆ ಯಾರದೆಂಬುದು ಅತಿ ಸ್ಪಷ್ಟವಾಗಿತ್ತು. 1970ರ ದಶಕದಲ್ಲಿ ಇಂಟರ್‌ನೆಟ್‌ನ ಪೂರ್ವಜವಾಗಿದ್ದ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿದ್ದ ಎಸ್‌ಆರ್‌ಐ ಸಂಸ್ಥೆಯ ನೆಟ್‌ವರ್ಕ್ ಇನ್ಫರ್ಮೇಷನ್ ಸೆಂಟರ್, ಎಲಿಜಬೆತ್ ಫೈನ್ಲರ್ ಅವರ ನೇತೃತ್ವದಲ್ಲಿ, ಈ ಹೋಸ್ಟ್ಸ್ ಕಡತವನ್ನು ನೋಡಿಕೊಳ್ಳುತ್ತಿತ್ತು. ಒಂದು ಸಾಲಿಗೆ ಒಂದು ಯಂತ್ರ: ವಿಳಾಸ, ಹೆಸರು, ಯಂತ್ರದ ಬಗೆ, ಆಪರೇಟಿಂಗ್ ಸಿಸ್ಟಮ್, ಅದು ಬಲ್ಲ ಪ್ರೋಟೋಕಾಲ್‌ಗಳು. ಹೊಸ ಯಂತ್ರ ಸೇರಿಸುವವರು ಆ ಕೇಂದ್ರಕ್ಕೆ ಮೇಲ್ ಕಳಿಸಬೇಕಿತ್ತು. ಉಳಿದವರು ಆಗಾಗ ಹೊಸ ಪ್ರತಿಯನ್ನು ಇಳಿಸಿಕೊಳ್ಳಬೇಕಿತ್ತು. ಹೆಸರು ಸಿಗಲಿಲ್ಲವೆಂದರೆ ಮುಖ್ಯವಾಗಿ ಎರಡೇ ಕಡೆ ನೋಡಿದರೆ ಸಾಕಿತ್ತು. ಮೆನ್ಲೊ ಪಾರ್ಕ್‌ನ ಕಡತ ತಪ್ಪಿರಬೇಕು, ಇಲ್ಲವೇ ನಮ್ಮ ಪ್ರತಿ ಹಳತಾಗಿರಬೇಕು. ಆ ಕಾಲದ ಕೆಲವು ನಿಯಮಗಳು ಈಗಲೂ ನಮ್ಮನ್ನು ಬಿಟ್ಟಿಲ್ಲ. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ ಇರಬೇಕೆಂಬುದು ಅವುಗಳಲ್ಲೊಂದು. ಹಾಗಾಗಿಯೇ ಕನ್ನಡ ಲಿಪಿಯ .ಭಾರತ ವಿಳಾಸವನ್ನು ಟೈಪ್ ಮಾಡಿದರೂ ಅದು ಹೊರಗೆ ಹೋಗುವುದು 2003ರಲ್ಲಿ ಗೊತ್ತುಮಾಡಿದ ಪ್ಯೂನಿಕೋಡ್ ಪದ್ಧತಿಯಂತೆ ಇಂಗ್ಲಿಷ್ ಅಕ್ಷರಗಳ ವೇಷದಲ್ಲಿ. ಅಂಥ ಸೈಟನ್ನು ಪರೀಕ್ಷಿಸುವಾಗ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಮಾಲೆ ಕಂಡರೆ ಅದು ದೋಷವಲ್ಲ.

ಯಂತ್ರಗಳು ಹೆಚ್ಚಿದಂತೆ ಒಂದೇ ಕಡತ ಸಾಲದಾಯಿತು. ಲಾಸ್ ಏಂಜಲೀಸ್ ಬಳಿಯ ಇನ್ಫರ್ಮೇಷನ್ ಸೈನ್ಸಸ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಪಾಲ್ ಮೊಕಾಪೆಟ್ರಿಸ್ 1983ರ ನವೆಂಬರಿನಲ್ಲಿ ಎರಡು ದಾಖಲೆಗಳಲ್ಲಿ ಡಿಎನ್‌ಎಸ್ ವಿನ್ಯಾಸವನ್ನು ಮುಂದಿಟ್ಟರು. 1987ರಲ್ಲಿ ಅದು ಇವತ್ತಿಗೂ ಚಾಲ್ತಿಯಲ್ಲಿರುವ ರೂಪ ಪಡೆಯಿತು. ಇದರ ಜೀವಾಳ ಎರಡು. ಹೆಸರಿನ ಒಂದೊಂದು ಕವಲನ್ನು ಬೇರೆಬೇರೆಯವರಿಗೆ ವಹಿಸಿಕೊಡುವುದು ಒಂದು. ಒಮ್ಮೆ ಸಿಕ್ಕ ಉತ್ತರವನ್ನು ಗೊತ್ತಾದಷ್ಟು ಸೆಕೆಂಡು ನೆನಪಿಟ್ಟುಕೊಳ್ಳುವುದು ಇನ್ನೊಂದು. ನನ್ನ ವಾದಕ್ಕೆ ಮುಖ್ಯ ಸಾಕ್ಷಿ ಇಲ್ಲಿದೆ. ಇಂಟರ್‌ನೆಟ್ ನಿಯಮಗಳ ದಾಖಲೆ ಸರಣಿಯಲ್ಲಿ ಬಂದ 1984ರ ಅಕ್ಟೋಬರಿನ ಆರ್‌ಎಫ್‌ಸಿ 920, ಪ್ರತಿ ಡೊಮೇನಿಗೂ ಒಬ್ಬ ಹೊಣೆಗಾರ ಇರಲೇಬೇಕು ಎಂದು ಷರತ್ತು ಹಾಕಿತು. ವಿನ್ಯಾಸದ ಒಳಗೇ, ಹೀಗೆ ವಹಿಸಿಕೊಟ್ಟ ಪ್ರತಿ ಕವಲಿನ ಮೊದಲ ದಾಖಲೆಯಲ್ಲಿ, ಆ ಹೊಣೆಗಾರನ ಮೇಲ್ ವಿಳಾಸಕ್ಕೆ ಜಾಗ ಮೀಸಲಾಗಿದೆ. ಏನಾದರೂ ಕೆಟ್ಟರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ವ್ಯವಸ್ಥೆಯಲ್ಲೇ ಉತ್ತರವಿತ್ತು. ಹಳೆಯ ಹೋಸ್ಟ್ಸ್ ಕಡತವೂ ಅಳಿಯಲಿಲ್ಲ. ಇಂದಿನ ವಿಂಡೋಸ್, ಲಿನಕ್ಸ್, ಮ್ಯಾಕ್ ಯಂತ್ರಗಳಲ್ಲೆಲ್ಲ ಅದೇ ಹೆಸರಿನ ಪುಟ್ಟ ಕಡತವಿದೆ. ಅದರಲ್ಲೊಂದು ತಪ್ಪು ಸಾಲು ಸೇರಿಕೊಂಡರೆ ಹೊರಗಿನ ಸರ್ವರುಗಳು ಏನೇ ಹೇಳಿದರೂ ಆ ಯಂತ್ರ ಸಾಮಾನ್ಯವಾಗಿ ಕಿವಿಗೊಡುವುದಿಲ್ಲ.

ಈ ವ್ಯವಸ್ಥೆ ಮನೆಗಳಿಗೆ ಬಂದದ್ದು ಆಮೇಲೆ. ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಆರಂಭಿಸಿದಾಗ ಮನೆಯಲ್ಲಿ ಒಂದು ಮೋಡೆಮ್, ಒಂದು ಕಂಪ್ಯೂಟರ್ ಎಂಬ ಸರಳ ಏರ್ಪಾಡಿತ್ತು. ಸಂಪರ್ಕ ಕೊಟ್ಟ ಸಂಸ್ಥೆಯ ಡಿಎನ್‌ಎಸ್ ಸರ್ವರನ್ನು ಕಂಪ್ಯೂಟರ್ ನೇರವಾಗಿ ಕೇಳುತ್ತಿತ್ತು. ಬ್ರಾಡ್‌ಬ್ಯಾಂಡ್ ಬಂದು ಒಂದೇ ಲೈನಿಗೆ ಹತ್ತು ಸಾಧನಗಳು ಸೇರಿಕೊಂಡ ಮೇಲೆ ನಡುವೆ ರೌಟರ್ ಕೂತಿತು. ಅದು ಎಲ್ಲರಿಗೂ ಖಾಸಗಿ ವಿಳಾಸ ಹಂಚುವುದರ ಜೊತೆಗೆ, ಹೆಸರು ಬೇಕಿದ್ದರೆ ನನ್ನನ್ನೇ ಕೇಳಿ ಎಂದು 192.168.1.1ರಂಥ ತನ್ನ ವಿಳಾಸವನ್ನೇ ಡಿಎನ್‌ಎಸ್ ಸರ್ವರೆಂದು ಕೊಡತೊಡಗಿತು. ವಾಸ್ತವದಲ್ಲಿ ಅದಕ್ಕೆ ಉತ್ತರ ಗೊತ್ತಿಲ್ಲ. ಪ್ರಶ್ನೆಯನ್ನು ಮುಂದಕ್ಕೆ ದಾಟಿಸುತ್ತದೆ, ಉತ್ತರವನ್ನು ಹಿಂದಕ್ಕೆ ತರುತ್ತದೆ. ಈ ದಲ್ಲಾಳಿಗೆ 1987ರ ವಿನ್ಯಾಸದಲ್ಲಿ ನೆಟ್ಟಗೆ ಜಾಗವೇ ಇರಲಿಲ್ಲ. 2008ರಲ್ಲಿ 24 ಮನೆಬಳಕೆಯ ರೌಟರ್‌ಗಳು ಮತ್ತು ಫೈರ್‌ವಾಲ್‌ಗಳನ್ನು ಪರೀಕ್ಷೆಗೆ ಒಡ್ಡಿದಾಗ, ಹಲವು ಸಾಧನಗಳು 512 ಬೈಟಿಗಿಂತ ದೊಡ್ಡ ಉತ್ತರಗಳನ್ನು ದಾಟಿಸಲಾರದೆ ಸೋತವು. ಇಂಥ ಪೆಟ್ಟಿಗೆಗಳು ಕನಿಷ್ಠ ಹೇಗೆ ನಡೆದುಕೊಳ್ಳಬೇಕು ಎಂಬ ಮಾರ್ಗಸೂಚಿ, ಆರ್‌ಎಫ್‌ಸಿ 5625, ಬಂದದ್ದು 2009ರ ಆಗಸ್ಟಿನಲ್ಲಿ.

ಹೊಣೆಗಾರನಿಲ್ಲದ ಜಾಲದಲ್ಲಿ ಏನಾಗಬಹುದು ಎಂಬುದನ್ನು ಡಿಎನ್‌ಎಸ್‌ಚೇಂಜರ್ ಪ್ರಕರಣ ತೋರಿಸಿಕೊಟ್ಟಿತು. ಈ ಕುತಂತ್ರಾಂಶ ಕಂಪ್ಯೂಟರುಗಳ ಡಿಎನ್‌ಎಸ್ ವಿಳಾಸವನ್ನು ಬದಲಿಸಿ, ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ರೌಟರ್‌ಗಳೊಳಗೂ ಕೈಯಾಡಿಸಿ, ಪ್ರಶ್ನೆಗಳನ್ನೆಲ್ಲ ವಂಚಕರ ಸರ್ವರಿಗೆ ತಿರುಗಿಸುತ್ತಿತ್ತು. ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳು ಅದಕ್ಕೆ ತುತ್ತಾಗಿದ್ದವು. 2011ರ ನವೆಂಬರಿನಲ್ಲಿ ಎಸ್ಟೋನಿಯಾದಲ್ಲಿ ಬಂಧನಗಳಾದಾಗ ಅಮೆರಿಕದ ತನಿಖಾಧಿಕಾರಿಗಳಿಗೆ ಇನ್ನೊಂದು ಸಮಸ್ಯೆ ಎದುರಾಯಿತು. ವಂಚಕರ ಸರ್ವರುಗಳನ್ನು ಒಮ್ಮೆಗೇ ನಿಲ್ಲಿಸಿದರೆ ಇಷ್ಟೂ ಜನಕ್ಕೆ ಇಂಟರ್‌ನೆಟ್ ಸತ್ತಂತೆ ಕಾಣುತ್ತಿತ್ತು. ಹಾಗಾಗಿ ನ್ಯಾಯಾಲಯದ ಆದೇಶ ಪಡೆದು, ಅವುಗಳ ಜಾಗದಲ್ಲಿ ಸರಿಯಾದ ಸರ್ವರುಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ತಮ್ಮ ಯಂತ್ರ ಹೆಸರುಗಳನ್ನು ಯಾರ ಹತ್ತಿರ ಕೇಳುತ್ತಿದೆ ಎಂಬುದೇ ಲಕ್ಷಾಂತರ ಮನೆಯವರಿಗೆ ತಿಳಿದಿರಲಿಲ್ಲ. ಅವರನ್ನು ದೂರುವುದು ನ್ಯಾಯವಲ್ಲ; ತಿಳಿಸುವ ಏರ್ಪಾಡೇ ಇರಲಿಲ್ಲ.

ಇಷ್ಟೆಲ್ಲ ಯಾಕೆ, 8.8.8.8 ಹಾಕಿಕೊಂಡರೆ ಮುಗಿಯಿತಲ್ಲ ಎಂದು ಕೇಳಬಹುದು. 2009ರ ಡಿಸೆಂಬರಿನಲ್ಲಿ ಬಂದ ಗೂಗಲ್‌ನ ಆ ಸಾರ್ವಜನಿಕ ಡಿಎನ್‌ಎಸ್ ಸೇವೆ, 2018ರ ಏಪ್ರಿಲ್ 1ರಂದು ಬಂದ ಕ್ಲೌಡ್‌ಫ್ಲೇರ್‌ನ 1.1.1.1, ಎರಡೂ ಉಪಯುಕ್ತವೇ. ಆದರೆ ಅವು ಪರಿಹರಿಸುವುದು ಒಂದೇ ಬಗೆಯ ದೋಷವನ್ನು, ಅಂದರೆ ಸಂಪರ್ಕ ಕೊಡುವ ಸಂಸ್ಥೆಯ ಸರ್ವರ್ ಅಥವಾ ರೌಟರಿನ ದಲ್ಲಾಳಿ ಸೋತಾಗಿನ ದೋಷವನ್ನು. ಹೋಸ್ಟ್ಸ್ ಕಡತದ ತಪ್ಪು ಅವುಗಳಿಂದ ಹೋಗದು. ಮನೆಯೊಳಗಿನ ಪ್ರಿಂಟರಿಗೆ ರೌಟರ್ ಇಟ್ಟ ಹೆಸರು ಆ ದೂರದ ಸರ್ವರಿಗೆ ಗೊತ್ತೇ ಇರುವುದಿಲ್ಲ. 2018ರ ನಂತರ ಕೆಲವು ಬ್ರೌಸರುಗಳು ಗೂಢಲಿಪಿಯ ದಾರಿಯಲ್ಲಿ ತಮ್ಮದೇ ಡಿಎನ್‌ಎಸ್ ಸರ್ವರನ್ನು ಕೇಳತೊಡಗಿವೆ. ಹಾಗಾಗಿ ಒಂದೇ ಕಂಪ್ಯೂಟರಿನಲ್ಲಿ ಬ್ರೌಸರಿಗೆ ಸಿಕ್ಕ ಹೆಸರು ಬೇರೆ ತಂತ್ರಾಂಶಕ್ಕೆ ಸಿಗದಿರಬಹುದು.

ರೌಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದಲ್ಲ ಎಂಬ ಮಾತು ಇನ್ನೂ ಗಟ್ಟಿಯಾದದ್ದು, ಏಕೆಂದರೆ ಅದು ಹಲವು ಸಲ ನಿಜ. ರೌಟರ್ ತನ್ನ ನೆನಪನ್ನು ಕಳೆದುಕೊಂಡು ಹೊರಗಿನಿಂದ ಹೊಸದಾಗಿ ವಿಳಾಸಗಳನ್ನು ಪಡೆಯುತ್ತದೆ. ಅಂಥ ಹೆಸರೇ ಇಲ್ಲ ಎಂಬ ಉತ್ತರವನ್ನೂ ನೆನಪಿಡುವ ಪದ್ಧತಿ 1998ರಲ್ಲಿ ಖಚಿತವಾದ್ದರಿಂದ, ಆ ನೆನಪು ಅಳಿದಾಗ ಸಿಗದಿದ್ದ ಹೆಸರು ಸಿಕ್ಕೀತು. ಆದರೆ ನೆನಪಿನ ಜೊತೆ ಸಾಕ್ಷಿಯೂ ಅಳಿಯುತ್ತದೆ, ಮತ್ತೆ ಮುಂದಿನ ವಾರ ಅದೇ ಪಾಡು. ರೌಟರ್ ಆಫ್ ಮಾಡುವ ಮೊದಲು ಎರಡು ನಿಮಿಷ ಕೊಟ್ಟರೆ ದೋಷದ ಜಾಗ ತಿಳಿಯುತ್ತದೆ. ಪಿಂಗ್ ಆಜ್ಞೆಗೆ 8.8.8.8 ಉತ್ತರಿಸಿ ಹೆಸರುಗಳು ಮಾತ್ರ ಸಿಗದಿದ್ದರೆ ಲೈನ್ ಸರಿಯಿದೆ ಎಂದರ್ಥ. ಎನ್‌ಎಸ್‌ಲುಕಪ್ ಆಜ್ಞೆಯ ಜೊತೆ ಸಿಗದ ಹೆಸರನ್ನು ಕೊಟ್ಟರೆ ಮೊದಲ ಸಾಲುಗಳಲ್ಲೇ ಯಂತ್ರ ಯಾರನ್ನು ಕೇಳುತ್ತಿದೆ ಎಂಬುದು ಕಾಣುತ್ತದೆ. ಅದೇ ಹೆಸರಿನ ನಂತರ 8.8.8.8 ಸೇರಿಸಿ ಇನ್ನೊಮ್ಮೆ ಕೇಳಬೇಕು. ಮೊದಲನೆಯದು ಸೋತು ಎರಡನೆಯದು ಗೆದ್ದರೆ ತೊಡಕು ರೌಟರಿನಲ್ಲಿ, ಇಲ್ಲವೇ ಅದರಾಚೆಗಿನ ಸಂಸ್ಥೆಯಲ್ಲಿ. ಎರಡೂ ಗೆದ್ದು ಬ್ರೌಸರ್ ಮಾತ್ರ ಸೋತರೆ ಹೋಸ್ಟ್ಸ್ ಕಡತವನ್ನೂ ಯಂತ್ರದ ನೆನಪನ್ನೂ ಬ್ರೌಸರಿನ ಸ್ವಂತ ಡಿಎನ್‌ಎಸ್ ಸೆಟ್ಟಿಂಗನ್ನೂ ನೋಡಬೇಕು, ಏಕೆಂದರೆ ಎನ್‌ಎಸ್‌ಲುಕಪ್ ಅವ್ಯಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊಕಾಪೆಟ್ರಿಸ್ ಅವರ ವಿನ್ಯಾಸ ಸೋತಿದೆ ಎಂದು ನಾನು ಹೇಳುತ್ತಿಲ್ಲ. ಅಷ್ಟು ಹಿಂದೆ ಹಾಕಿದ ತಳಪಾಯ ಇಂದಿನ ಇಂಟರ್‌ನೆಟ್ಟನ್ನು ಹೊತ್ತಿರುವುದು ದೊಡ್ಡ ಸಾಧನೆ. ಸೋತದ್ದು ಅದನ್ನು ಮನೆಗೆ ತಂದ ರೀತಿ. ಮನೆಯ ಜಾಲಕ್ಕೆಂದೇ ಒಂದು ಡೊಮೇನ್ ಹೆಸರನ್ನು ಮೀಸಲಿಟ್ಟದ್ದು 2018ರ ಮೇ ತಿಂಗಳಲ್ಲಿ, ಡಿಎನ್‌ಎಸ್ ಹುಟ್ಟಿದ 35ನೇ ವರ್ಷಕ್ಕೆ ಸಮೀಪ. ರೌಟರ್ ಮಾಡುವವರು ಮತ್ತು ಸಂಪರ್ಕ ಕೊಡುವವರು ಇನ್ನೊಂದು ಹೆಜ್ಜೆ ಇಡಬೇಕು: ರೌಟರಿನ ಮುಖಪುಟದಲ್ಲೇ, ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ, ಈಗ ಯಾವ ಡಿಎನ್‌ಎಸ್ ಸರ್ವರನ್ನು ಕೇಳುತ್ತಿದ್ದೇವೆ, ಕೊನೆಯ ಸಲ ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬ ಎರಡು ಸಾಲು ಬರೆಯಲಿ.