ರಿಗ್ರೆಟ್ ವಿಶ್ಲೇಷಣೆ (ಯಂತ್ರಕಲಿಕೆ)

ಫಲ ಮೊದಲೇ ತಿಳಿಯದ ಹಲವು ಆಯ್ಕೆಗಳನ್ನು ಒಂದೊಂದಾಗಿ ಪ್ರಯೋಗಿಸುತ್ತ ಕಲಿಯುವ ಅಲ್ಗಾರಿದಮ್, ಆ ಕಲಿಕೆಗಾಗಿ ಎಷ್ಟು ಲಾಭ ಬಿಟ್ಟುಕೊಡುತ್ತದೆ ಎಂಬುದನ್ನು ಅಳೆಯುವ ಗಣಿತಕ್ರಮ. ಬ್ಯಾಂಡಿಟ್ ಅಲ್ಗಾರಿದಮ್‌ಗಳನ್ನೂ ಬೇಸಿಯನ್ ಆಪ್ಟಿಮೈಸೇಷನ್ ವಿಧಾನಗಳನ್ನೂ ತೂಗಿ ನೋಡುವ ಮುಖ್ಯ ಅಳತೆಗೋಲು ಇದು. ಇದರ ಕೆಲವು ಮಹತ್ವದ ಫಲಿತಾಂಶಗಳು ಬೆಂಗಳೂರಿನ ಸಂಶೋಧಕರಿಂದ ಬಂದಿವೆ.

ಪರಿಕಲ್ಪನೆ

ಜೂಜಿನ ಯಂತ್ರಕ್ಕೆ ಅಮೆರಿಕದಲ್ಲಿದ್ದ ‘ಒಂಟಿಗೈ ದರೋಡೆಕಾರ’ ಎಂಬ ಅಡ್ಡಹೆಸರಿನಿಂದ ‘ಬ್ಯಾಂಡಿಟ್’ ಪದ ಬಂದಿದೆ. ಪ್ರತಿ ಆಯ್ಕೆಯೂ ಒಂದು ‘ತೋಳು’. ಒಂದು ಔಷಧಿಯಿಂದ ನೂರಕ್ಕೆ 70 ಮಂದಿ, ಇನ್ನೊಂದರಿಂದ 50 ಮಂದಿ ಗುಣವಾಗುತ್ತಾರೆ ಎಂದುಕೊಳ್ಳೋಣ. ವೈದ್ಯರಿಗೆ ಇದು ಗೊತ್ತಿಲ್ಲ. 1000 ರೋಗಿಗಳಿಗೆ ಎರಡನ್ನೂ ಸರಿಪಾಲು ಕೊಟ್ಟರೆ ಸರಾಸರಿ 600 ಮಂದಿ ಗುಣವಾಗುತ್ತಾರೆ. ಉತ್ತಮವಾದುದನ್ನೇ ಕೊಟ್ಟಿದ್ದರೆ 700. ಈ 100ರ ಅಂತರವೇ ರಿಗ್ರೆಟ್.

ಪ್ರಯೋಗದ ಸುತ್ತುಗಳು ಹೆಚ್ಚಿದಂತೆ ರಿಗ್ರೆಟ್ ಎಷ್ಟು ನಿಧಾನವಾಗಿ ಬೆಳೆಯುತ್ತದೆ ಎಂಬುದೇ ವಿಶ್ಲೇಷಣೆಯ ತಿರುಳು. ಸುತ್ತುಗಳು ಸಾವಿರದಿಂದ ಹತ್ತು ಲಕ್ಷಕ್ಕೆ ಏರಿದಾಗ, ಸರಿಪಾಲು ಹಂಚಿಕೆಯ ರಿಗ್ರೆಟ್ ಸಾವಿರ ಪಟ್ಟಾಗುತ್ತದೆ. ವರ್ಗಮೂಲದ ಗತಿಯಲ್ಲಿ ಸುಮಾರು 32 ಪಟ್ಟು. ಲಾಗರಿದಮ್ ಗತಿಯಲ್ಲಿ ಎರಡು ಪಟ್ಟು ಮಾತ್ರ.

ಇತಿಹಾಸ

ವಿಲಿಯಂ ಆರ್. ಥಾಂಪ್ಸನ್ 1933ರಲ್ಲಿ ಚಿಕಿತ್ಸೆಗಳ ಹೋಲಿಕೆಗಾಗಿ ಮೊದಲ ವಿಧಾನ ಸೂಚಿಸಿದರು. 1952ರಲ್ಲಿ ಹರ್ಬರ್ಟ್ ರಾಬಿನ್ಸ್ ಸಮಸ್ಯೆಗೆ ಸಂಖ್ಯಾಶಾಸ್ತ್ರದ ಚೌಕಟ್ಟು ಕೊಟ್ಟರು. ಯಾವ ಸಮರ್ಥ ಅಲ್ಗಾರಿದಮ್‌ನ ರಿಗ್ರೆಟ್ ಕೂಡ ಲಾಗರಿದಮ್ ಗತಿಗಿಂತ ಕೆಳಗಿಳಿಯಲಾರದು ಎಂದು 1985ರಲ್ಲಿ ಲೈ ಮತ್ತು ರಾಬಿನ್ಸ್ ತೋರಿಸಿದರು. ಔಯರ್, ಚೆಸಾ-ಬಿಯಾಂಕಿ ಮತ್ತು ಫಿಶರ್ 2002ರಲ್ಲಿ ವಿಶ್ಲೇಷಿಸಿದ ಯುಸಿಬಿ1 ಅಲ್ಗಾರಿದಮ್, ಕಡಿಮೆ ಪರೀಕ್ಷೆಗೊಳಗಾದ ತೋಳಿಗೆ ಹೆಚ್ಚು ಅವಕಾಶ ಕೊಡುತ್ತ ಆ ಗತಿಯನ್ನು ಮುಟ್ಟಿತು.

ಥಾಂಪ್ಸನ್ ವಿಧಾನ ಮತ್ತು ಬೆಂಗಳೂರು

ಥಾಂಪ್ಸನ್ ವಿಧಾನದಲ್ಲಿ ಪ್ರತಿ ತೋಳಿನ ಯಶಸ್ಸಿನ ಬಗ್ಗೆ ಒಂದು ಸಂಭವನೀಯತಾ ಹಂಚಿಕೆ ಇರುತ್ತದೆ. ಪ್ರತಿ ಸುತ್ತಿನಲ್ಲೂ ಒಂದೊಂದು ಹಂಚಿಕೆಯಿಂದ ಚೀಟಿ ಎತ್ತಿದಂತೆ ಒಂದೊಂದು ಸಂಖ್ಯೆ ತೆಗೆದು, ದೊಡ್ಡ ಸಂಖ್ಯೆ ಬಂದ ತೋಳನ್ನು ಆರಿಸಿ, ಫಲ ನೋಡಿ ಅದರ ಹಂಚಿಕೆಯನ್ನು ತಿದ್ದಲಾಗುತ್ತದೆ. ಜಾಹೀರಾತು ಮತ್ತು ಸುದ್ದಿ ಆಯ್ಕೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುವುದನ್ನು 2011ರಲ್ಲಿ ಶಾಪೆಲ್ ಮತ್ತು ಲಿ ಪ್ರಯೋಗಗಳಿಂದ ತೋರಿಸಿದರು. ಆದರೆ ಅದರ ರಿಗ್ರೆಟ್‌ನ ಗತಿಗೆ ತಕ್ಕ ಗಣಿತದ ಪುರಾವೆ ಇರಲಿಲ್ಲ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದ ಶಿಪ್ರಾ ಅಗ್ರವಾಲ್ ಮತ್ತು ನವೀನ್ ಗೋಯಲ್ 2012ರಲ್ಲಿ ಅದು ಲಾಗರಿದಮ್ ಗತಿಯದೆಂದು ಸಾಧಿಸಿದರು. ಥಾಂಪ್ಸನ್ ಲೇಖನಕ್ಕೆ ಆಗ 79 ವರ್ಷ.

ಬೇಸಿಯನ್ ಆಪ್ಟಿಮೈಸೇಷನ್

ಆಯ್ಕೆಗಳು ಎಣಿಕೆಗೆ ಸಿಗದಷ್ಟಿದ್ದು, ಪ್ರತಿ ಪ್ರಯೋಗವೂ ದುಬಾರಿಯಾದಾಗ ಬಳಕೆಗೆ ಬರುವುದು ಬೇಸಿಯನ್ ಆಪ್ಟಿಮೈಸೇಷನ್. ಭದ್ರಾವತಿಯಂಥ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಮಿಶ್ರಲೋಹದ ಉಕ್ಕನ್ನು ಹದಗೊಳಿಸಲು ತಕ್ಕ ಉಷ್ಣತೆ ಹುಡುಕುವುದು ಈ ಜಾತಿಯ ಸಮಸ್ಯೆ. ಒಂದು ಉಷ್ಣತೆಯ ಫಲಿತಾಂಶ ಆಸುಪಾಸಿನ ಉಷ್ಣತೆಗಳ ಬಗ್ಗೆಯೂ ಸುಳಿವು ಕೊಡುತ್ತದೆ. ಈ ನಂಟನ್ನು ಗೌಸಿಯನ್ ಪ್ರಕ್ರಿಯೆ ಎಂಬ ಸಂಭವನೀಯತಾ ಮಾದರಿ ಲೆಕ್ಕಕ್ಕೆ ತರುತ್ತದೆ. ಇಲ್ಲಿ ಕೊನೆಗೆ ಸಿಕ್ಕ ಉತ್ತರದ ಕೊರತೆಯನ್ನಷ್ಟೇ ಎಣಿಸಿದರೆ ಅದು ‘ಸರಳ ರಿಗ್ರೆಟ್’, ಎಲ್ಲ ಪ್ರಯೋಗಗಳ ಕೊರತೆಯನ್ನೂ ಕೂಡಿದರೆ ‘ಸಂಚಿತ ರಿಗ್ರೆಟ್’.

2010ರಲ್ಲಿ ಶ್ರೀನಿವಾಸ್, ಕ್ರೌಸ್, ಕಾಕಡೆ ಮತ್ತು ಸೀಗರ್ ತಮ್ಮ ಜಿಪಿ-ಯುಸಿಬಿ ಅಲ್ಗಾರಿದಮ್‌ನ ಸಂಚಿತ ರಿಗ್ರೆಟ್‌ನ ಮೇಲ್ಮಿತಿಯನ್ನು, ಪ್ರಯೋಗಗಳಿಂದ ದೊರೆಯಬಹುದಾದ ಗರಿಷ್ಠ ಮಾಹಿತಿಗೆ ಜೋಡಿಸಿದರು. 2017ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಾಯಕ್ ರೇ ಚೌಧುರಿ ಮತ್ತು ಆದಿತ್ಯ ಗೋಪಾಲನ್ ಆ ಮಿತಿಯನ್ನು ಇನ್ನಷ್ಟು ಬಿಗಿಗೊಳಿಸಿದ ‘ಐಜಿಪಿ-ಯುಸಿಬಿ’ಯನ್ನೂ, ಥಾಂಪ್ಸನ್ ವಿಧಾನವನ್ನು ಗೌಸಿಯನ್ ಪ್ರಕ್ರಿಯೆಗೆ ಒಗ್ಗಿಸಿದ ‘ಜಿಪಿ-ಟಿಎಸ್’ ಅನ್ನೂ ಮಂಡಿಸಿದರು.

ಮಿತಿಗಳು

ಈ ಪ್ರಮೇಯಗಳು ಊಹೆಗಳ ಮೇಲೆ ನಿಂತಿವೆ: ತೋಳುಗಳ ಗುಣ ಬದಲಾಗಬಾರದು, ಅಳತೆಯ ದೋಷ ಹತೋಟಿಯಲ್ಲಿರಬೇಕು, ಉಷ್ಣತೆಯಂಥ ಸಂದರ್ಭದಲ್ಲಿ ಫಲ ನಯವಾಗಿ ಏರಿಳಿಯಬೇಕು. ಕಾಲಕ್ಕೆ ತಕ್ಕಂತೆ ಫಲ ಬದಲಾಗುವಲ್ಲಿ, ಎದುರಾಳಿಯೇ ಫಲ ನಿರ್ಧರಿಸುವಲ್ಲಿ ಬೇರೆ ಅಲ್ಗಾರಿದಮ್‌ಗಳೂ ಬೇರೆ ಮಿತಿಗಳೂ ಬೇಕಾಗುತ್ತವೆ.